ಹಾಲ್ ಟಿಕೆಟ್ ಮೊದಲು, ಸ್ಕಾಲರ್‌ಶಿಪ್ ಆಮೇಲೆ

ಯೋಜನೆಗಳ ಪಟ್ಟಿಯನ್ನಷ್ಟೇ ನೋಡಿದರೆ ಕರ್ನಾಟಕದಲ್ಲಿ ಐಟಿಐ, ಡಿಪ್ಲೊಮಾ, ನರ್ಸಿಂಗ್ ಓದುವ ಬಡವರ ಮಕ್ಕಳಿಗೆ ಯಾವ ಕೊರತೆಯೂ ಇರಬಾರದು. ಪರಿಶಿಷ್ಟರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಹಿಂದುಳಿದ ವರ್ಗದವರಿಗೆ ಶುಲ್ಕ ವಿನಾಯಿತಿ, ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ, ರೈತರ ಮಕ್ಕಳಿಗೆ ವಿದ್ಯಾನಿಧಿ, ಕಟ್ಟಡ ಕಾರ್ಮಿಕರ ಮಕ್ಕಳಿಗೆ ಮಂಡಳಿಯ ಸಹಾಯಧನ, ಡಿಪ್ಲೊಮಾ ಸೇರುವ ಹೆಣ್ಣುಮಕ್ಕಳಿಗೆ ಎಐಸಿಟಿಇಯ ಪ್ರಗತಿ, ಸಿಇಟಿ ಸೀಟು ಸಿಕ್ಕವರಿಗೆ ಅರಿವು ಸಾಲ, ಬ್ಯಾಂಕಿನಲ್ಲಿ ಕೌಶಲ ಸಾಲ. ಇಷ್ಟೆಲ್ಲ ಇದ್ದೂ, ಪರೀಕ್ಷೆ ಶುಲ್ಕ ಕಟ್ಟುವ ಹೊತ್ತಿಗೆ ಜಿಲ್ಲಾ ಕೇಂದ್ರದ ಖಾಸಗಿ ನರ್ಸಿಂಗ್ ಕಾಲೇಜೊಂದರ ಕೌಂಟರ್ ಹತ್ತಿರ ನಿಂತರೆ ಕಿವಿಗೆ ಬೀಳುವುದು ಒಂದೇ ಮಾತು: "ಸರ್, ಸ್ಕಾಲರ್‌ಶಿಪ್ ಇನ್ನೂ ಬಂದಿಲ್ಲ." ಒಳಗಿನಿಂದ ಬರುವ ಉತ್ತರವೂ ಗೊತ್ತಿರುವುದೇ: "ಅದು ಬಂದಾಗ ಬರಲಿ, ನೀನು ಫೀಸ್ ಕಟ್ಟಿ ಹಾಲ್ ಟಿಕೆಟ್ ತಗೊಂಡ್ಹೋಗು."

ನನ್ನ ತಕರಾರು ಇರುವುದು ಇಲ್ಲೇ. ಈ ನೆರವುಗಳನ್ನು ರೂಪಿಸಿದವರು ಅಪ್ಪನ ಕಸುಬು ಯಾವುದು, ಜಾತಿ ಯಾವುದು, ಪಹಣಿ ಯಾರ ಹೆಸರಲ್ಲಿದೆ ಎಂಬುದನ್ನೆಲ್ಲ ಕೆದಕಿ ಕೆದಕಿ ಕೇಳಿದ್ದಾರೆ. ದುಡ್ಡು ಯಾವ ತಿಂಗಳಲ್ಲಿ ಬೇಕು ಎಂದು ಮಾತ್ರ ಕೇಳಲಿಲ್ಲ.

ರೈತ ವಿದ್ಯಾನಿಧಿಯನ್ನೇ ನೋಡಿ. ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿ ಪ್ರಮಾಣ ವಚನ ಸ್ವೀಕರಿಸಿದ ದಿನವೇ, 2021ರ ಜುಲೈ 28ರಂದು, ಘೋಷಿಸಿದ ಯೋಜನೆ ಅದು. ಪಿಯುಸಿ, ಐಟಿಐ, ಡಿಪ್ಲೊಮಾ ಓದುವ ಹುಡುಗರಿಗೆ ವರ್ಷಕ್ಕೆ 2,500 ರೂಪಾಯಿ, ಹುಡುಗಿಯರಿಗೆ 3,000. ನರ್ಸಿಂಗ್, ಕಾನೂನು ಓದುವವರಿಗೆ 7,500 ಮತ್ತು 8,000. ಎಂಜಿನಿಯರಿಂಗ್, ವೈದ್ಯಕೀಯಕ್ಕೆ 10,000 ಮತ್ತು 11,000. ಪದವಿ ದೊಡ್ಡದಾದಷ್ಟೂ ಮೊತ್ತವೂ ದೊಡ್ಡದು. ದೊಡ್ಡ ಕೋರ್ಸಿಗೆ ಖರ್ಚು ಜಾಸ್ತಿ ಎಂಬ ಸಮರ್ಥನೆ ಇದೆ, ಒಪ್ಪೋಣ. ಆದರೆ ಫಿಟ್ಟರ್ ಟ್ರೇಡಿನ ಹುಡುಗನಿಗೂ ಸೇಫ್ಟಿ ಶೂ ಬೇಕು, ಯೂನಿಫಾರ್ಮ್ ಬೇಕು, ಡ್ರಾಯಿಂಗ್ ಸಾಮಾನು ಬೇಕು, ದಿನಾ ತಾಲ್ಲೂಕು ಕೇಂದ್ರಕ್ಕೆ ಬಸ್ಸು ಬೇಕು. ಸರ್ಕಾರಿ ಐಟಿಐಯಲ್ಲಿ ಬೋಧನಾ ಶುಲ್ಕ ಹೊರೆಯೇನಲ್ಲ, ಹೊರೆಯಾಗುವುದು ಈ ಚಿಲ್ಲರೆ ಖರ್ಚು. ಚಿಲ್ಲರೆಗೆಂದೇ ಕೊಡುವ ದುಡ್ಡು ವರ್ಷದ ಕೊನೆಗೆ ಇಡಿಗಂಟಾಗಿ ಬಂದರೆ ಅದರಿಂದ ಶೂ ಕೊಳ್ಳುವುದು ಯಾವಾಗ?

ಮುಂದೆ ಇದೇ ನಿಧಿಯನ್ನು ಕೃಷಿ ಕಾರ್ಮಿಕರು, ಮೀನುಗಾರರು, ನೇಕಾರರು, ಆಟೊ ಮತ್ತು ಟ್ಯಾಕ್ಸಿ ಚಾಲಕರ ಮಕ್ಕಳಿಗೂ ವಿಸ್ತರಿಸಿದರು. ಒಳ್ಳೆಯದೇ. ಆದರೂ ಅಪ್ಪ ಬೇಕರಿಯಲ್ಲಿ ಕೆಲಸಕ್ಕಿದ್ದರೆ, ಅಮ್ಮ ಮನೆಗೆಲಸಕ್ಕೆ ಹೋಗುತ್ತಿದ್ದರೆ ಆ ಮಗು ಯಾವ ಕಾಲಂನಲ್ಲಿ ಬರಬೇಕು? ಕಸುಬು ಕಸುಬಿಗೊಂದು ನಿಧಿ ಎಂದು ಹೊರಟರೆ ಪಟ್ಟಿಗೆ ಕೊನೆಯೇ ಇರುವುದಿಲ್ಲ, ಬಿಟ್ಟುಹೋಗುವವರಿಗೂ ಕೊನೆ ಇರುವುದಿಲ್ಲ. ಕಟ್ಟಡ ಕಾರ್ಮಿಕರ ಮಂಡಳಿಯ ಕಥೆ ಇನ್ನೂ ಬೇಸರದ್ದು. ಅಲ್ಲಿನ ದುಡ್ಡು ಬೊಕ್ಕಸದ್ದಲ್ಲ, ಕಟ್ಟಡದ ವೆಚ್ಚದ ಮೇಲೆ ಶೇ 1ರಂತೆ ವಸೂಲಾಗುವ ಸೆಸ್. ಹೀಗಿದ್ದೂ 2023ರಲ್ಲಿ ಮಕ್ಕಳ ಸಹಾಯಧನವನ್ನು ಭಾರೀ ಪ್ರಮಾಣದಲ್ಲಿ ಇಳಿಸಿದರು. ನಕಲಿ ಲೇಬರ್ ಕಾರ್ಡುಗಳು ಹೆಚ್ಚಿವೆ ಎಂಬುದು ಸರ್ಕಾರ ಕೊಟ್ಟ ಕಾರಣಗಳಲ್ಲೊಂದು. ಕಾರ್ಡು ಮಾಡಿಸಿಕೊಂಡ ಕಳ್ಳನಿಗೂ ಗಾರೆ ಕಲಸುವವನ ಮಗಳಿಗೂ ಒಂದೇ ಕತ್ತರಿ.

ಅರ್ಜಿಯ ದಾರಿಯನ್ನು ಹತ್ತಿರದಿಂದ ನೋಡಿದವರಿಗೆ ವಿಳಂಬ ಎಲ್ಲಿಂದ ಹುಟ್ಟುತ್ತದೆ ಎಂದು ಹೇಳಬೇಕಾಗಿಲ್ಲ. ರಾಜ್ಯದ ಬಹುಪಾಲು ವಿದ್ಯಾರ್ಥಿವೇತನಗಳಿಗೆ ಈಗ ಎಸ್‌ಎಸ್‌ಪಿ ಎಂಬ ಒಂದೇ ಪೋರ್ಟಲ್. ಇಲಾಖೆಯಿಂದ ಇಲಾಖೆಗೆ ಫೋಟೊ, ಜೆರಾಕ್ಸ್ ಹಿಡಿದು ಅಲೆಯುವುದು ತಪ್ಪಿತು, ಅದು ನಿಜವಾದ ಸುಧಾರಣೆ. ಆದರೆ ಅಲೆದಾಟ ಬೇರೆ ವೇಷದಲ್ಲಿ ಉಳಿದಿದೆ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ ಹಾಕಬೇಕು. ಆಧಾರಿನಲ್ಲಿ ಇನಿಷಿಯಲ್ ಹೆಸರಿನ ಮುಂದಿದ್ದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹಿಂದಿದ್ದರೆ ಅರ್ಜಿ ಅಲ್ಲಿಗೇ ನಿಂತಿತು. ದಾಖಲೆಗಳಿಗೆ ಇ-ದೃಢೀಕರಣ ಆಗಬೇಕು, ಅದಕ್ಕೊಬ್ಬ ಅಧಿಕಾರಿ, ಅವರ ಬಯೊಮೆಟ್ರಿಕ್, ಆ ದಿನದ ಸರ್ವರ್. ಎಲ್ಲ ದಾಟಿ ದುಡ್ಡು ಮಂಜೂರಾದರೆ, ಅದು ಹೋಗುವುದು ಆಧಾರಿಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಯಾವಾಗಲೋ ಪೋಸ್ಟ್‌ಮ್ಯಾನ್ ಮನೆಬಾಗಿಲಿಗೆ ಬಂದು ಬೆರಳೊತ್ತಿಸಿ ತೆರೆದುಕೊಟ್ಟ ಅಂಚೆ ಪೇಮೆಂಟ್ಸ್ ಬ್ಯಾಂಕ್ ಖಾತೆಯಲ್ಲಿ ದುಡ್ಡು ಬಿದ್ದಿರುತ್ತದೆ; ಹುಡುಗಿ ತಿಂಗಳುಗಟ್ಟಲೆ ಬೇರೆ ಬ್ಯಾಂಕಿನ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಿರುತ್ತಾಳೆ. ಸೈಬರ್ ಸೆಂಟರಿನ ಹುಡುಗರಿಗೆ ಇದೆಲ್ಲ ಬಾಯಿಪಾಠ. ಎಷ್ಟೋ ಕಾಲೇಜುಗಳಲ್ಲಿ ಇದನ್ನು ವಿವರಿಸಲು ಒಬ್ಬರೂ ಇಲ್ಲ.

ಈ ನಡುವಿನ ತಿಂಗಳುಗಳನ್ನು ದಾಟಿಸುವುದು ಅಮ್ಮನ ಸಂಘದ ಸಾಲ. ಸ್ತ್ರೀಶಕ್ತಿಯೋ, ಮೈಕ್ರೊ ಫೈನಾನ್ಸೋ, ವಾರದ ಕಂತಿನದೋ, ಹೆಸರು ಯಾವುದಾದರೂ ಇರಲಿ, ವೃತ್ತಿ ಶಿಕ್ಷಣಕ್ಕೆ ಮೊದಲು ಬಂಡವಾಳ ಹಾಕುವವಳು ಅವಳೇ. ಸರ್ಕಾರದ ವಿದ್ಯಾರ್ಥಿವೇತನ ಬಂದಾಗ ಆ ಸಾಲದ ಒಂದಷ್ಟು ಅಸಲು ತೀರುತ್ತದೆ. ಬಡ್ಡಿಯನ್ನು ಯಾವ ಇಲಾಖೆಯೂ ಮರುಪಾವತಿಸುವುದಿಲ್ಲ.

ಬ್ಯಾಂಕುಗಳಿಲ್ಲವೇ ಎಂದರೆ, ಇವೆ, ಕಾಗದದ ಮೇಲೆ ಚೆನ್ನಾಗಿಯೇ ಇವೆ. ಐಟಿಐ, ಪಾಲಿಟೆಕ್ನಿಕ್ ಮತ್ತು ಕೌಶಲ ತರಬೇತಿಗೆಂದೇ 2015ರಲ್ಲಿ ಕೇಂದ್ರ ಸರ್ಕಾರ ಕೌಶಲ ಸಾಲ ಯೋಜನೆ ತಂದಿತು: 5,000ದಿಂದ ಒಂದೂವರೆ ಲಕ್ಷದವರೆಗೆ, ಅಡಮಾನ ಬೇಡ. 2024ರ ಮಾರ್ಚ್ ಅಂತ್ಯದ ಹೊತ್ತಿಗೆ ಇಡೀ ದೇಶದಲ್ಲಿ ಆ ಸಾಲ ಸಿಕ್ಕಿದ್ದು 10,077 ಮಂದಿಗೆ, ಒಟ್ಟು 115.75 ಕೋಟಿ ರೂಪಾಯಿ. ಸುಮಾರು ಒಂಬತ್ತು ವರ್ಷದ ಫಸಲು ಇದು! ಅದೇ ವರ್ಷದ ಜುಲೈನಲ್ಲಿ ಮಿತಿಯನ್ನು ಏಳೂವರೆ ಲಕ್ಷಕ್ಕೆ ಏರಿಸಿದರು. ಹತ್ತು ಸಾವಿರ ಚಿಲ್ಲರೆ ಜನರಿಗಷ್ಟೇ ತಲುಪಿದ ಸಾಲಕ್ಕೆ ಮಿತಿಯೇ ಕಾಯಿಲೆಯಾಗಿತ್ತು ಎಂದು ನಂಬುವುದು ಕಷ್ಟ. ಬ್ರಾಂಚ್ ಮ್ಯಾನೇಜರ್ "ಅಪ್ಪನ ಐಟಿ ರಿಟರ್ನ್ಸ್ ಇದೆಯಾ?" ಎಂದು ಕೇಳಿದ ಕ್ಷಣಕ್ಕೆ ಯೋಜನೆ ಮುಗಿದುಹೋಗಿರುತ್ತದೆ. 2024ರ ನವೆಂಬರಿನಲ್ಲಿ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ನಿಜಕ್ಕೂ ಉದಾರ ಸಾಲ, ಜಾಮೀನುದಾರ ಬೇಡ, ಅಡಮಾನ ಬೇಡ. ಆದರೆ ಅದರ ಬಾಗಿಲು ರ‍್ಯಾಂಕಿಂಗ್ ಪಟ್ಟಿಯಲ್ಲಿ ಮೇಲಿರುವ ಸಂಸ್ಥೆಗಳಿಗಷ್ಟೇ ತೆರೆದದ್ದು, ಶುರುವಿನಲ್ಲಿ ಅವು 860. ತಾಲ್ಲೂಕಿನ ಐಟಿಐ ಹುಡುಗ ಆ ಬೀದಿಗೇ ಬರುವವನಲ್ಲ. ನಿರುದ್ಯೋಗ ಭತ್ಯೆಯಾದ ಯುವನಿಧಿಯಲ್ಲೂ ಹಾಗೇ: ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಐಟಿಐ ಮುಗಿಸಿದವರ ಹೆಸರೇ ಇಲ್ಲ.

ಪ್ರಗತಿ ವಿದ್ಯಾರ್ಥಿವೇತನ ಈ ಗುಂಪಿನಲ್ಲಿ ನನಗೆ ಮೆಚ್ಚುಗೆಯಾದದ್ದು. ವರ್ಷಕ್ಕೆ 50,000 ರೂಪಾಯಿ, ಕುಟುಂಬದ ಆದಾಯ ಎಂಟು ಲಕ್ಷ ಮೀರಬಾರದು, ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳವರೆಗೆ. ಅಪ್ಪನ ಕಸುಬನ್ನು ಅದು ಕೇಳುವುದಿಲ್ಲ, ಡಿಪ್ಲೊಮಾ ಎಂದು ಮೊತ್ತವನ್ನು ಕಡಿತಗೊಳಿಸುವುದೂ ಇಲ್ಲ. ಕೊರತೆ ಸಂಖ್ಯೆಯದು: ಸ್ಥಾನಗಳು ಮಿತ, ಆಯ್ಕೆ ಅಂಕದ ಮೇಲೆ.

ಇನ್ನು, ನಗದನ್ನೇ ಕೊಡದ ನೆರವುಗಳಿವೆ, ಅವೇ ಹೆಚ್ಚು ಕೆಲಸ ಮಾಡಿದಂತೆ ನನಗೆ ಕಾಣುತ್ತದೆ. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಎರಡು ಬ್ಯಾಂಕುಗಳ ಜತೆ ಸೇರಿ ಉಜಿರೆಯಲ್ಲಿ ಕಟ್ಟಿದ ರುಡ್‌ಸೆಟ್ ಸಂಸ್ಥೆ ತರಬೇತಿ, ಊಟ, ವಸತಿ ಮೂರನ್ನೂ ಉಚಿತವಾಗಿ ಕೊಡುತ್ತದೆ. ಕೇಂದ್ರ ಸರ್ಕಾರ ಜಿಲ್ಲೆಗೊಂದರಂತೆ ಇಂಥ ಸಂಸ್ಥೆ ತೆರೆಯಲು ಹೊರಟಾಗ ಮಾದರಿಯಾದದ್ದೂ ಅದೇ. ಬಿಡದಿಯಲ್ಲಿ 2007ರಲ್ಲಿ ಶುರುವಾದ ಟೊಯೊಟಾ ತರಬೇತಿ ಸಂಸ್ಥೆ ಹಳ್ಳಿಯ ಬಡ ಮಕ್ಕಳನ್ನು ಎಸ್ಸೆಸ್ಸೆಲ್ಸಿ ಆದಮೇಲೆ ಮೂರು ವರ್ಷ ಇರಿಸಿಕೊಂಡು ಕಲಿಸುತ್ತದೆ. ಟೊಯೊಟಾದಲ್ಲಿ ಸೀಟು ಮಿತ, ರುಡ್‌ಸೆಟ್‌ನಲ್ಲಿ ಕೋರ್ಸುಗಳು ಚಿಕ್ಕವು, ಆ ಮಿತಿಗಳು ಸಣ್ಣವಲ್ಲ. ಆದರೂ ಇವತ್ತಿನ ಊಟ ಇವತ್ತೇ ಸಿಗುತ್ತದೆ. ವಾರಾನ್ನ ಉಂಡು ಓದಿದ, ಸಿದ್ಧಗಂಗೆಯಂಥ ಮಠಗಳ ಪ್ರಸಾದದಲ್ಲಿ ಬೆಳೆದ ತಲೆಮಾರುಗಳ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಿದ್ಯಾಸಿರಿ ಈ ಪರಂಪರೆಯನ್ನೇ ನಗದಿಗೆ ಇಳಿಸಿತು: ತಿಂಗಳಿಗೆ 1,500ರಂತೆ ಹತ್ತು ತಿಂಗಳು. ದಿನಕ್ಕೆ 50 ರೂಪಾಯಿ ಆಯಿತು. ವರ್ಷಗಟ್ಟಲೆ ಅದೇ ಮೊತ್ತ ಮುಂದುವರಿಯಿತು, ಆ ಐವತ್ತರಲ್ಲಿ ಸಿಗುವ ಊಟ ಮಾತ್ರ ಚಿಕ್ಕದಾಗುತ್ತ ಬಂತು. ಕಾರ್ಖಾನೆಯ ಅಪ್ರೆಂಟಿಸ್ ತರಬೇತಿಯೂ ಇದೇ ಸಾಲಿಗೆ ಸೇರುತ್ತದೆ. ತಿಂಗಳಿಗೊಮ್ಮೆ ಸ್ಟೈಪೆಂಡ್, ಅದರಲ್ಲಿ ಶೇ 25ನ್ನು, ಗರಿಷ್ಠ 1,500 ರೂಪಾಯಿವರೆಗೆ, ಕೇಂದ್ರ ಭರಿಸುತ್ತದೆ. ಅಪ್ಪನ ಪಹಣಿ ಯಾರೂ ಕೇಳುವುದಿಲ್ಲ.

ವಿಳಂಬಕ್ಕೆ ಮದ್ದೇ ಇಲ್ಲವೆಂದಲ್ಲ. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ಯೋಜನೆಯನ್ನು 2020ರ ಡಿಸೆಂಬರಿನಲ್ಲಿ ಪರಿಷ್ಕರಿಸಿ, ಐದು ವರ್ಷಕ್ಕೆ 59,048 ಕೋಟಿ ಗೊತ್ತುಮಾಡಿ, ವೆಚ್ಚದ ಶೇ 60ನ್ನು ಕೇಂದ್ರವೇ ಹೊರುವಂತೆ ಮಾಡಿದರು. ದುಡ್ಡು ನೇರ ವಿದ್ಯಾರ್ಥಿಯ ಖಾತೆಗೆ. ಹೆಸರಿಗಷ್ಟೇ ಇದ್ದ ವಿದ್ಯಾರ್ಥಿಗಳನ್ನು ತೋರಿಸಿ ದುಡ್ಡು ಹೊಡೆಯುತ್ತಿದ್ದವರಿಗೆ ಇದರಿಂದ ಕಷ್ಟವಾಯಿತು. ಆದರೆ ಮೊದಲು ಇಲಾಖೆಯ ಬಾಗಿಲು ಬಡಿಯುತ್ತಿದ್ದ ಕಾಲೇಜು ಈಗ ವಿದ್ಯಾರ್ಥಿಯ ಕುತ್ತಿಗೆಗೆ ಬಿತ್ತು. ಇದನ್ನು ಊಹಿಸಿಯೇ ಮಾರ್ಗಸೂಚಿಯಲ್ಲಿ ಫ್ರೀಶಿಪ್ ಕಾರ್ಡ್ ಎಂಬುದೊಂದನ್ನು ಇಟ್ಟಿದ್ದಾರೆ. ಅರ್ಹ ವಿದ್ಯಾರ್ಥಿ ಅದನ್ನು ತೋರಿಸಿದರೆ ಬೋಧನಾ ಶುಲ್ಕ, ಹಾಸ್ಟೆಲ್ ಶುಲ್ಕ ಮುಂಗಡ ಕೇಳದೆ ಸೇರಿಸಿಕೊಳ್ಳಬೇಕು, ವಿದ್ಯಾರ್ಥಿವೇತನ ಬಂದ ಏಳು ದಿನದೊಳಗೆ ಅವನು ಕಟ್ಟಬೇಕು. ಇಡೀ ವ್ಯವಸ್ಥೆಯಲ್ಲಿ ತಿಂಗಳ ಲೆಕ್ಕ ಅರಿತು ಬರೆದ ನಿಯಮ ಇದೊಂದೇ ಎನ್ನಬೇಕು. ಹಿಂದುಳಿದ ವರ್ಗ, ಅಲ್ಪಸಂಖ್ಯಾತ, ರೈತ, ಕಾರ್ಮಿಕ ಎನ್ನದೆ ಎಸ್‌ಎಸ್‌ಪಿಯಲ್ಲಿ ಅರ್ಹತೆ ಖಚಿತವಾದ ಪ್ರತಿಯೊಬ್ಬರಿಗೂ ಇಂಥದೊಂದು ಕಾರ್ಡನ್ನು ಪ್ರವೇಶದ ದಿನವೇ ಮುದ್ರಿಸಿ ಕೊಡಲು ಹೊಸ ನಿಧಿಯೇನೂ ಬೇಕಿಲ್ಲ. ಬೇಕಿರುವುದು ಅದನ್ನು ಒಪ್ಪದ ಕಾಲೇಜಿನ ಮಾನ್ಯತೆಗೆ ಕೈಹಾಕುವ ಧೈರ್ಯ. ಸದ್ಯಕ್ಕಂತೂ, ಅಡ್ಮಿಷನ್ ಕೌಂಟರಿನಲ್ಲಿ ಫ್ರೀಶಿಪ್ ಕಾರ್ಡ್ ಎಂದು ಕೇಳಿದರೆ "ಅದು ಯಾವ ಕಾರ್ಡಮ್ಮಾ?" ಎನ್ನುವವರೇ ಹೆಚ್ಚು.