ನೆಲದ ಕಂದಾಯ ಮತ್ತು ಊರಿನ ಶಾಲೆ: ಒಂದು ರೂಢ ಅಭಿಪ್ರಾಯದ ವಿಮರ್ಶೆ

ಮೈಸೂರು ಸಂಸ್ಥಾನದ ಪ್ರಾಥಮಿಕ ಶಿಕ್ಷಣದ ಇತಿಹಾಸವನ್ನು ಕುರಿತು ಒಂದು ಅಭಿಪ್ರಾಯವು ಆಗಾಗ ಕೇಳಿಬರುತ್ತದೆ. ಶಾಲೆಯು ಮೊದಲು ಸ್ಥಳೀಯ ತೆರಿಗೆಯನ್ನು ನಂಬಿಕೊಂಡು ಸೊರಗಿದ್ದಿತು; 1941ರ ಶಾಸನದಿಂದ ಸರಕಾರವು ಅದರ ಹೊಣೆಯನ್ನು ನೇರವಾಗಿ ವಹಿಸಿಕೊಂಡ ಮೇಲೆ ಊರಿನ ಸಿರಿತನ ಬಡತನಗಳಿಗೂ ಶಾಲೆಗೂ ಇದ್ದ ನಂಟು ಕಡಿಯಿತು, ಸಮಸ್ಯೆಯೂ ಬಗೆಹರಿಯಿತು ಎಂಬುದೇ ಆ ಅಭಿಪ್ರಾಯ. ಇದರ ಪೂರ್ವಾರ್ಧವು ಬಹುಮಟ್ಟಿಗೆ ಸತ್ಯವಾದುದು. ಉತ್ತರಾರ್ಧವನ್ನು ಮಾತ್ರ ಹಾಗೆಯೇ ಒಪ್ಪಲಾಗುವುದಿಲ್ಲ. ಮೂಡಿಗೆರೆಯಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾಗಿರುವ ಕಳಸ ಸೀಮೆಯನ್ನು ಮುಂದಿಟ್ಟುಕೊಂಡು ಅದನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

1870ರ ದಶಕದ ಆರಂಭದಲ್ಲಿ ಬಿ. ಎಲ್. ರೈಸ್ ಅವರ ಪ್ರಯತ್ನದಿಂದ ಹೋಬಳಿ ಶಾಲೆಗಳ ಯೋಜನೆಯು ಜಾರಿಗೆ ಬಂದಿತು. ಹೋಬಳಿಗೊಂದು ಶಾಲೆ ಇರತಕ್ಕದ್ದು. ಅದರ ವೆಚ್ಚಕ್ಕೆ ಭೂಕಂದಾಯದೊಡನೆ ವಸೂಲಾಗುವ ಸ್ಥಳೀಯ ಸೆಸ್ಸಿನ ಒಂದು ಪಾಲು ಸಲ್ಲತಕ್ಕದ್ದು ಎಂಬುದು ಅದರ ತಿರುಳು. ರೈತನು ಕೊಟ್ಟ ಹಣದ ಒಂದು ಭಾಗವು ಅವನ ಮಕ್ಕಳ ಓದಿಗೇ ಹಿಂದಿರುಗಬೇಕೆಂಬ ಈ ತತ್ತ್ವವು ಶ್ಲಾಘ್ಯವಾದುದೇ ಸರಿ. ಆದರೆ ಹೋಬಳಿಯೆಂಬ ಅಳತೆಯು ಬಯಲುಸೀಮೆಗೆ ಒಪ್ಪುವಂತೆ ಮಲೆನಾಡಿಗೆ ಒಪ್ಪುವುದಿಲ್ಲ. ಇಲ್ಲಿ ಗ್ರಾಮವೆಂದರೆ ಹಳ್ಳಕ್ಕೊಂದು, ಗುಡ್ಡದ ಮಗ್ಗುಲಿಗೊಂದು ಎಂಬಂತೆ ಚೆದರಿದ ಒಂಟಿಮನೆಗಳು. ಮಳೆಗಾಲದಲ್ಲಿ ಭದ್ರೆಯೂ ಅದನ್ನು ಸೇರುವ ಹಳ್ಳಗಳೂ ಉಕ್ಕಿದರೆ ಎರಡು ಮೈಲಿಯ ಶಾಲೆಯೂ ಮಗುವಿಗೆ ದೂರದೇಶವೇ ಆಗುತ್ತದೆ.

1930ರ ರೆಗ್ಯುಲೇಷನ್ನು ಪ್ರಾಥಮಿಕ ಶಿಕ್ಷಣದ ಆಡಳಿತವನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿತು. 1941ರ ಶಾಸನವು ಅದನ್ನು ಸರಕಾರಕ್ಕೆ ಮರಳಿ ತಂದಿತು. ಉಪಾಧ್ಯಾಯರ ಸಂಬಳವು ಊರಿನ ವಸೂಲಿಯನ್ನು ಕಾಯಬೇಕಾಗಿಲ್ಲವೆಂಬುದು ಬಡ ಸೀಮೆಗಳಿಗೆ ದೊಡ್ಡ ಲಾಭ. ಇದನ್ನು ಅಲ್ಲಗಳೆಯುವುದು ಅನ್ಯಾಯವಾದೀತು. ಆದರೆ ಸಂಬಳವೊಂದರಿಂದಲೇ ಶಾಲೆ ನಡೆಯುವುದಿಲ್ಲ. ಮಾಡು ಸೋರಿದರೆ ಹೆಂಚು ಹೊದಿಸಬೇಕು, ಗೋಡೆ ಕುಸಿದರೆ ಕಟ್ಟಬೇಕು, ಮಕ್ಕಳನ್ನು ಹೊಳೆ ದಾಟಿಸಬೇಕು. ಇಂಥ ಕೆಲಸಗಳಿಗೆ ಜನರು ಮೊದಲು ನೋಡುವುದು ಊರಿನ ಪಂಚಾಯಿತಿಯ ಮುಖವನ್ನೇ.

ಆ ಪಂಚಾಯಿತಿಯ ಬೊಕ್ಕಸದ ಸ್ಥಿತಿಯೇನು? 1993ರ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮ ಪಂಚಾಯಿತಿಗೆ ಕಟ್ಟಡಗಳ ಮೇಲೂ, ವ್ಯವಸಾಯದ ಕಂದಾಯಕ್ಕೆ ಒಳಪಡದ ಜಮೀನುಗಳ ಮೇಲೂ ತೆರಿಗೆ ಹಾಕುವ ಅಧಿಕಾರವನ್ನು ಕೊಟ್ಟಿದೆ. ಕಾಫಿಯ ತೋಟವು ವ್ಯವಸಾಯದ ಜಮೀನು. ಆದುದರಿಂದ ಅದು ಈ ತೆರಿಗೆಗೆ ಹೊರತು. ಅರಣ್ಯವು ಸರಕಾರದ ಸ್ವತ್ತು, ಅದೂ ಹೊರತು. ಹೀಗೆ ಕಳಸದ ಸುತ್ತಣ ಬೆಟ್ಟಗಳ ಸಂಪತ್ತೆಲ್ಲವೂ ಪಂಚಾಯಿತಿಯ ಕಣ್ಣೆದುರಿಗಿದ್ದರೂ ಕೈಗೆ ದೂರ. ಉಳಿದುದು ಮನೆಕಂದಾಯ ಮತ್ತು ಅಂಗಡಿಬೀದಿ.

ಮೂರನೆಯ ಸಂಪತ್ತು ಕುದುರೆಮುಖದ ಅದಿರು. 1976ರಲ್ಲಿ ಸ್ಥಾಪಿತವಾದ ಕಬ್ಬಿಣದ ಅದಿರು ಕಂಪೆನಿಯು ಕಾಡಿನ ನಡುವೆ ಒಂದು ಪಟ್ಟಣವನ್ನೇ ಕಟ್ಟಿತು. ಅದರೊಡನೆ ಶಾಲೆಗಳೂ ಬೆಳೆದುವು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಅಂತ್ಯದಲ್ಲಿ ಗಣಿಗಾರಿಕೆ ನಿಂತಿತು. ಅರಣ್ಯದ ಹಾಗೂ ನದಿಗಳ ಹಿತದೃಷ್ಟಿಯಿಂದ ಅದು ಯುಕ್ತವಾದ ನಿರ್ಣಯವೆಂದೇ ಈ ಲೇಖಕನ ಮತ. ಆದರೆ ಪಟ್ಟಣ ಬರಿದಾಯಿತು. ಅದನ್ನು ನಂಬಿದ್ದ ವ್ಯಾಪಾರವೂ ದುಡಿಮೆಯೂ ಕುಗ್ಗಿದುವು. ಗಣಿ ನಡೆದಷ್ಟು ಕಾಲವೂ ಅದಿರಿನ ರಾಜಧನವು ರಾಜ್ಯದ ಬೊಕ್ಕಸಕ್ಕೆ ಸಂದಿತು. ಗಣಿಗಾರಿಕೆಯಿಂದ ಬಾಧಿತವಾದ ಪ್ರದೇಶದ ಶಿಕ್ಷಣವೇ ಮೊದಲಾದ ಆವಶ್ಯಕತೆಗಳಿಗೆ ಹಣ ಒದಗಿಸುವ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಕೇಂದ್ರ ಶಾಸನದ ತಿದ್ದುಪಡಿಯಿಂದ ಹುಟ್ಟಿದ್ದು 2015ರಲ್ಲಿ. ಆ ವೇಳೆಗೆ ಕುದುರೆಮುಖದ ಗಣಿ ಮುಚ್ಚಿ ಒಂಬತ್ತು ವರ್ಷ ಕಳೆದಿದ್ದಿತು. ಉಂಡವರು ಎದ್ದುಹೋದ ಮೇಲೆ ಎಲೆ ಹಾಕಿದಂತಾಯಿತು.

ಇಂಥ ಸಂದರ್ಭವು ನಮ್ಮಲ್ಲಿ ಮಾತ್ರ ಒದಗಿದುದಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ರಾಷ್ಟ್ರೀಯ ಅರಣ್ಯಗಳು ಸ್ಥಳೀಯ ತೆರಿಗೆಗೆ ಒಳಪಡುವುದಿಲ್ಲವಾದುದರಿಂದ, ಅವುಗಳ ಉತ್ಪತ್ತಿಯ ಶೇಕಡ 25ರಷ್ಟು ಆಯಾ ಸೀಮೆಯ ಶಾಲೆಗಳಿಗೂ ರಸ್ತೆಗಳಿಗೂ ಸಲ್ಲಬೇಕೆಂದು 1908ರಲ್ಲಿಯೇ ಶಾಸನವಾಯಿತು. ಶತಮಾನದ ಕೊನೆಗೆ ಮರ ಕಡಿಯುವುದು ತಗ್ಗಿ ಆ ಉತ್ಪತ್ತಿ ಕುಸಿದಾಗ, 2000ದಲ್ಲಿ ನಷ್ಟವನ್ನು ತುಂಬಿಕೊಡುವ ಮತ್ತೊಂದು ಶಾಸನ ಬಂದಿತು. ಅದರ ಅವಧಿಯು ಪದೇ ಪದೇ ಮುಗಿದು ಶಾಲೆಗಳು ತೊಳಲಿದುದೂ ಉಂಟು. ವ್ಯವಸ್ಥೆಯು ನಿರ್ದುಷ್ಟವಾದುದೆಂದು ಹೇಳುವಂತಿಲ್ಲ. ಆದರೂ ಸಾರ್ವಜನಿಕ ಹಿತಕ್ಕಾಗಿ ಒಂದು ಸೀಮೆಯು ಆದಾಯವನ್ನು ಕಳೆದುಕೊಂಡರೆ ಅದನ್ನು ತುಂಬಿಕೊಡುವುದು ಋಣವೆಂಬ ಭಾವನೆ ಅಲ್ಲಿ ಕಾಣುತ್ತದೆ.

ನಮ್ಮಲ್ಲಿ ನೆರವಿನ ಅಳತೆ ಬೇರೆ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯ ಪರಿಷ್ಕೃತ ನಿಯಮದಂತೆ 30 ಅಥವಾ ಅದಕ್ಕಿಂತ ಕಡಮೆ ಮಕ್ಕಳಿರುವ ಶಾಲೆಗೆ ವಾರ್ಷಿಕ ಅನುದಾನ 10,000 ರೂಪಾಯಿ. 31ರಿಂದ 100ರವರೆಗೆ ಮಕ್ಕಳಿದ್ದರೆ 25,000 ರೂಪಾಯಿ. ತಲೆಯೆಣಿಕೆಯ ಈ ಲೆಕ್ಕದಲ್ಲಿ ನೆಲದ ಪಾಡಿಗೆ ಎಡೆಯಿಲ್ಲ. ಮಕ್ಕಳು ಅರ್ಧವಾದರೆಂದು ಮಾಡಿನ ಮೇಲೆ ಬೀಳುವ ಮಳೆ ಅರ್ಧವಾಗುವುದಿಲ್ಲ. ಅನುಕೂಲವಂತರು ತಮ್ಮ ಮಕ್ಕಳನ್ನು ವಾಹನದಲ್ಲಿ ಪೇಟೆಯ ಶಾಲೆಗೆ ಕಳುಹಿಸಬಲ್ಲರು. ಊರ ಶಾಲೆಯಲ್ಲಿ ಉಳಿಯುವವರು ತೋಟದ ಲೈನುಮನೆಗಳ ಮಕ್ಕಳು, ಕಾಡಂಚಿನ ಗಿರಿಜನರ ಮಕ್ಕಳು. ಶಾಲೆ ಸೊರಗಿದಷ್ಟೂ ನೆರವು ಕುಗ್ಗುವ ನಿಯಮದ ಭಾರವು ಇವರ ಮೇಲೆಯೇ ಬೀಳುತ್ತದೆ.

ಇದರಿಂದ ಎರಡು ಮಾತು ಸಿದ್ಧವಾಗುತ್ತವೆ. ಮೊದಲನೆಯದಾಗಿ, 1941ರ ಶಾಸನವು ಹೋಬಳಿ ಯೋಜನೆಯ ಅಸಮಾನತೆಯನ್ನು ತೊಲಗಿಸುವತ್ತ ನಡೆದರೂ, ನೆಲದ ಫಲದಲ್ಲಿ ಶಾಲೆಗೆ ಪಾಲುಂಟೆಂಬ ಅದರ ತತ್ತ್ವವು ಕಾಲಕ್ರಮದಲ್ಲಿ ಕೈಬಿಟ್ಟುಹೋಯಿತು. ಎರಡನೆಯದಾಗಿ, ರಾಜ್ಯದ ನೆರವು ತಲೆಯೆಣಿಕೆಯೊಡನೆ ದೂರ, ಮಳೆ, ತೆರಿಗೆಗೆ ಹೊರತಾದ ನೆಲ, ಕಳೆದುಹೋದ ಆದಾಯ ಇವುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ರೈಸ್ ಅವರ ಯೋಜನೆಗೆ ಹಿಂದಿರುಗಬೇಕೆಂದು ಯಾರೂ ಹೇಳಲಾರರು. ಆದರೆ ಕಳಸದ ಕಾಡು ಉಳಿದುದರಿಂದ ಬಯಲಿಗೆ ಭದ್ರೆಯ ನೀರು ಹರಿಯುತ್ತಿದೆ. ಆ ನೀರನ್ನುಣ್ಣುವ ನಾಡು ಕಳಸದ ಶಾಲೆಯ ಮಾಡಿಗೆ ಹೆಂಚು ಹೊದಿಸುವುದನ್ನು ದಾನವೆಂದೆಣಿಸದೆ ಬಾಕಿಯ ಸಂದಾಯವೆಂದು ಎಣಿಸಬೇಕಾಗಿದೆ.