ಮೂರು ಬಾರಿಯ ಕರುಣೆ: 'ದಿ ಲಾರ್ಡ್ ಆಫ್ ದಿ ರಿಂಗ್ಸ್' – ಒಂದು ಜಾನಪದೀಯ ವಿವೇಚನೆ

ಆಧುನಿಕ ಕಾಲದ ಅದ್ಭುತ ಕಥನಗಳಲ್ಲಿ ಜೆ.ಆರ್.ಆರ್. ಟೋಲ್ಕಿನ್ (1892-1973) ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕೃತಿಗೆ ವಿಶಿಷ್ಟ ಸ್ಥಾನವಿದೆ. 1954-55ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಈ ಕೃತಿಯನ್ನು ಬಿ.ಬಿ.ಸಿ. 2003ರಲ್ಲಿ ನಡೆಸಿದ ಮತದಾನದಲ್ಲಿ ಬ್ರಿಟನ್ನಿನ ಓದುಗರು ತಮ್ಮ ಅತ್ಯಂತ ಮೆಚ್ಚಿನ ಕಾದಂಬರಿಯೆಂದು ಆರಿಸಿದರು. ಪೀಟರ್ ಜಾಕ್ಸನ್ ಅವರ ನಿರ್ದೇಶನದಲ್ಲಿ 2001ರಿಂದ 2003ರವರೆಗೆ ವರ್ಷಕ್ಕೊಂದರಂತೆ ತೆರೆಕಂಡ ಮೂರು ಚಿತ್ರಗಳಲ್ಲಿ ಕೊನೆಯದಕ್ಕೆ 11 ಆಸ್ಕರ್ ಪ್ರಶಸ್ತಿಗಳು ಸಂದವು. ಈ ಪರಿಯ ಜನಪ್ರೀತಿಯ ಮೂಲವನ್ನು ಜಾನಪದದ ನೆಲೆಯಿಂದ ಪರಿಶೀಲಿಸಲು ಅವಕಾಶವಿದೆ.

ಕಥಾಸಾರ ಸರಳವಾದುದು. ಸೌರಾನ್ ಎಂಬ ದುಷ್ಟ ಅಧಿಪತಿ ಎಲ್ಲರನ್ನೂ ಆಳುವ ಹಂಬಲದಿಂದ ರೂಪಿಸಿದ ಉಂಗುರವು ಹಾಬಿಟ್ ಎಂಬ ಕುಳ್ಳರ ಕುಲದ ಬಿಲ್ಬೊನಿಗೆ ದೊರೆತು, ಅವನಿಂದ ಬಂಧುವಾದ ಫ್ರೋಡೊನ ಕೈಸೇರುತ್ತದೆ. ಅದು ರೂಪುಗೊಂಡ ಅಗ್ನಿಪರ್ವತದಲ್ಲಿಯೇ ಅದನ್ನು ಎಸೆದು ನಾಶಮಾಡಬೇಕು. ಫ್ರೋಡೊ ತನ್ನ ತೋಟಗಾರ ಸ್ಯಾಮ್‌ನೊಂದಿಗೆ ಹೊರಡುತ್ತಾನೆ. ಹಿಂದೆ ಆ ಉಂಗುರವನ್ನು ಹೊಂದಿದ್ದು ಅದರ ಮೋಹದಲ್ಲಿಯೇ ಸವೆದುಹೋದ ಗೊಲಮ್ ಅವರ ಬೆನ್ನು ಹತ್ತುತ್ತಾನೆ.

ಈ ಕೃತಿಯ ಆಕರ್ಷಣೆಯನ್ನು ವಿವರಿಸುವವರು ಸಾಮಾನ್ಯವಾಗಿ ಅದರ ಕಲ್ಪಿತ ಭಾಷೆಗಳು, ವಂಶಾವಳಿಗಳು ಹಾಗೂ ನಕಾಶೆಗಳತ್ತ ಬೊಟ್ಟು ಮಾಡುತ್ತಾರೆ. ಆಕ್ಸ್‌ಫರ್ಡ್‌ನಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದ ಟೋಲ್ಕಿನ್ ಅವರಿಗೆ ಉತ್ತರ ಯೂರೋಪಿನ ಪುರಾಣಗಳೂ ಫಿನ್‌ಲೆಂಡಿನ 'ಕಲೆವಾಲ'ವೂ ಆಪ್ತವಾಗಿದ್ದವು. ಪಾತ್ರಗಳು ನಡುನಡುವೆ ಹಾಡುವ ಹಾಡುಗಳು ಮುಂಚಿನ ಯುಗಗಳ ನೆನಪನ್ನು ಹೊತ್ತು ತಂದು, ಕಾಣುವ ಲೋಕದ ಹಿಂದೆ ಕಾಣದ ಲೋಕವೊಂದಿದೆ ಎಂಬ ಭಾವನೆಯನ್ನು ಮೂಡಿಸುತ್ತವೆ. ಆದರೆ ಇವೆಲ್ಲ ಬೆರಗಿಗೆ ಕಾರಣವಾಗಬಲ್ಲವೇ ಹೊರತು ಪ್ರೀತಿಗೆ ಸಾಕಾಗಲಾರವು. ಪ್ರೀತಿಯ ಕಾರಣವನ್ನು ಕಥೆಯ ಹಂದರದಲ್ಲಿಯೇ ಅರಸಬೇಕಾಗುತ್ತದೆ.

ವ್ಲಾದಿಮಿರ್ ಪ್ರಾಪ್ 1928ರಲ್ಲಿ ನಿರೂಪಿಸಿದ ಕಿನ್ನರ ಕಥೆಗಳ ರಚನೆಯಲ್ಲಿ ನಾಯಕನು ಮಾಂತ್ರಿಕ ವಸ್ತುವೊಂದನ್ನು ಪಡೆದು ಗೆಲ್ಲುತ್ತಾನೆ. ಇಲ್ಲಿ ಮಾಂತ್ರಿಕ ವಸ್ತುವನ್ನು ಕಳೆದುಕೊಳ್ಳುವುದೇ ಪ್ರಯಾಣದ ಗುರಿ. ಈ ತಿರುವುಮುರುವನ್ನು ವಿಮರ್ಶಕರು ಈಗಾಗಲೇ ಗುರುತಿಸಿದ್ದಾರೆ. ಅಷ್ಟಾಗಿ ಗಮನಕ್ಕೆ ಬಾರದಿರುವುದು ಮತ್ತೊಂದು ಆಶಯದ ಬಳಕೆ. ನಾಯಕನು ಕೊಲ್ಲದೆ ಬಿಟ್ಟ ಪ್ರಾಣಿಯು ಮುಂದೆ ಅಸಾಧ್ಯವಾದ ಕಾರ್ಯದಲ್ಲಿ ಅವನಿಗೆ ನೆರವಾಗುವ 'ಕೃತಜ್ಞ ಪ್ರಾಣಿ'ಯ ಆಶಯ ಅನೇಕ ದೇಶಗಳ ಕಥೆಗಳಲ್ಲಿ ಕಂಡುಬರುತ್ತದೆ. ಟೋಲ್ಕಿನ್ ಈ ಆಶಯವನ್ನು ಉಳಿಸಿಕೊಂಡು, ಅದರಿಂದ ಕೃತಜ್ಞತೆಯನ್ನು ಮಾತ್ರ ತೆಗೆದುಹಾಕುತ್ತಾರೆ.

ಡೆನ್ಮಾರ್ಕಿನ ವಿದ್ವಾಂಸ ಆಕ್ಸೆಲ್ ಓಲ್ರಿಕ್ ಜನಪದ ಕಥನದ ನಿಯಮಗಳಲ್ಲಿ ಒಂದಾಗಿ ಹೇಳಿದ 'ಮೂರರ ನಿಯಮ'ಕ್ಕೆ ಅನುಗುಣವಾಗಿ, ಗೊಲಮ್ ಮೂವರು ಹಾಬಿಟ್‌ಗಳಿಂದ ಜೀವದಾನ ಪಡೆಯುತ್ತಾನೆ. ಮೊದಲು ಗುಹೆಯ ಕತ್ತಲಲ್ಲಿ ಬಿಲ್ಬೊ ಅವನನ್ನು ಕೊಲ್ಲದೆ ಬಿಡುತ್ತಾನೆ. 1937ರ 'ದಿ ಹಾಬಿಟ್'ನಲ್ಲಿ ಈ ಸನ್ನಿವೇಶ ಹೀಗಿರಲಿಲ್ಲವೆಂಬುದು ಗಮನಾರ್ಹ. 1951ರ ಪರಿಷ್ಕೃತ ಆವೃತ್ತಿಯಲ್ಲಷ್ಟೇ ಈ ಕರುಣೆ ಕಾಣಿಸಿಕೊಂಡಿತು. ಮುಂದಿನ ಕಥೆಯ ಅಗತ್ಯಕ್ಕಾಗಿ ಹಿಂದಿನ ಕಥೆಯನ್ನು ತಿದ್ದುವ ಈ ಕ್ರಮ ಮೌಖಿಕ ಕಥೆಗಾರರದ್ದೇ ಆಗಿದೆ. ಎರಡನೆಯ ಸಲ ಗೊಲಮ್‌ನನ್ನು ಕಣ್ಣಾರೆ ಕಂಡ ಫ್ರೋಡೊ ಕನಿಕರದಿಂದ ಅವನನ್ನು ಉಳಿಸುತ್ತಾನೆ. ಮೂರನೆಯದು ಪರ್ವತದ ಇಳಿಜಾರಿನಲ್ಲಿ ನಡೆಯುತ್ತದೆ. ಮೊದಲಿನಿಂದಲೂ ಗೊಲಮ್‌ನನ್ನು ದ್ವೇಷಿಸಿದ ಸ್ಯಾಮ್ ಕತ್ತಿ ಹಿರಿದೂ ಹೊಡೆಯಲಾರದೆ ಹೋಗುತ್ತಾನೆ. ತಾನೂ ಅಲ್ಪಕಾಲ ಉಂಗುರವನ್ನು ಹೊತ್ತಿದ್ದುದರಿಂದ ಎದುರಿಗಿರುವ ಜೀವದ ಸಂಕಟ ಅವನಿಗೆ ಅರಿವಾಗಿರುತ್ತದೆ.

ಪರ್ವತದ ಅಂಚಿನಲ್ಲಿ ಫ್ರೋಡೊ ಸೋಲುತ್ತಾನೆ; ಉಂಗುರವನ್ನು ಎಸೆಯದೆ ತನ್ನದೆಂದು ಸಾರುತ್ತಾನೆ. ಆಗ ಗೊಲಮ್ ಅವನ ಬೆರಳನ್ನೇ ಕಚ್ಚಿ ಉಂಗುರವನ್ನು ಕಸಿದು, ಹರ್ಷದಿಂದ ಕುಣಿಯುತ್ತ ಕಾಲು ಜಾರಿ ಬೆಂಕಿಗೆ ಬೀಳುತ್ತಾನೆ. ಲೋಕವನ್ನು ಉಳಿಸಿದ್ದು ನಾಯಕನ ಶಕ್ತಿಯಲ್ಲ, ಪ್ರತಿಫಲದ ನಿರೀಕ್ಷೆಯಿಲ್ಲದೆ ಮೂವರು ತೋರಿದ ಕರುಣೆ. ಕರುಣೆ ಪಡೆದವನು ಕೃತಘ್ನನಾದರೂ ಅದು ಫಲಿಸುತ್ತದೆ. ಬಲಹೀನರಾದ ಸಾಮಾನ್ಯ ಓದುಗರಿಗೆ ಈ ಕಥೆ ಆಪ್ತವಾಗುವುದು ಈ ನೆಲೆಯಲ್ಲಿ.

ಚಲನಚಿತ್ರಗಳು ಈ ಹಂದರವನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡಿವೆ ಎಂಬ ಪ್ರಶ್ನೆಗೆ ಮಿಶ್ರ ಉತ್ತರ ದೊರೆಯುತ್ತದೆ. ಕರುಣೆಯನ್ನು ಕುರಿತ ಗ್ಯಾಂಡಾಲ್ಫ್‌ನ ಮಾತನ್ನು ಜಾಕ್ಸನ್ ಮನೆಯ ಒಲೆಯ ಬದಿಯಿಂದ ಗಣಿಯ ಕತ್ತಲಿಗೆ ಸಾಗಿಸಿ, ಗೊಲಮ್‌ನ ಸುಳಿವಿನ ಎದುರಿನಲ್ಲಿಯೇ ನುಡಿಸಿದರು. ನಟ ಆ್ಯಂಡಿ ಸರ್ಕಿಸ್ ಅವರ ಅಭಿನಯವನ್ನು ಆಧರಿಸಿ ಗಣಕದಲ್ಲಿ ರೂಪಿಸಿದ ಗೊಲಮ್‌ನ ಮುಖದಲ್ಲಿ, ಓದುಗರು ಊಹಿಸಿಕೊಳ್ಳಬೇಕಾಗಿದ್ದ ಸಂಕಟ ಪ್ರತ್ಯಕ್ಷವಾಯಿತು. ಇದು ರೂಪಾಂತರದ ನಿಜವಾದ ಗಳಿಕೆ.

ಆದರೆ ಸ್ಯಾಮ್‌ನ ಕರುಣೆ ಚಿತ್ರದಲ್ಲಿ ಇಲ್ಲ. ಅಲ್ಲಿ ಅವನು ಗೊಲಮ್‌ನೊಡನೆ ಹೋರಾಡುತ್ತಾನಷ್ಟೇ. ಕೊನೆಯಲ್ಲಿ ಫ್ರೋಡೊ ಮತ್ತೆ ಉಂಗುರಕ್ಕಾಗಿ ಸೆಣಸುವಾಗ ಇಬ್ಬರೂ ಅಂಚಿನಿಂದ ಉರುಳುತ್ತಾರೆ. ದೃಶ್ಯ ರೋಚಕವಾಗಿದೆ, ಆದರೆ ಕರುಣೆಯ ಫಲವಾಗಿ ಒದಗಿದ್ದು ಕೈಕೈ ಮಿಲಾಯಿಸಿದ ಹೋರಾಟದ ಫಲವಾಗಿಬಿಟ್ಟಿದೆ. ಹಿಂದಿರುಗಿದ ಹಾಬಿಟ್‌ಗಳು ತಮ್ಮ ನಾಡನ್ನು ಹಾಳುಗೆಡವಿದವರನ್ನು ಎದುರಿಸುವ ಅಧ್ಯಾಯವನ್ನೂ ಚಿತ್ರ ಕೈಬಿಟ್ಟಿದೆ. ತನ್ನನ್ನು ಇರಿಯಲು ಬಂದ ಸಾರುಮಾನ್‌ನನ್ನು ಕೊಲ್ಲಬೇಡಿರೆಂದು ಫ್ರೋಡೊ ತಡೆಯುವುದು ಆ ಅಧ್ಯಾಯದಲ್ಲಿ. ಕರುಣೆ ಉಂಗುರದೊಂದಿಗೇ ಮುಗಿದುಹೋಗುವ ಉಪಾಯವಲ್ಲ, ಫ್ರೋಡೊನ ಸ್ವಭಾವವೇ ಆಗಿದೆ ಎಂಬುದಕ್ಕೆ ಅದು ಸಾಕ್ಷಿ.

ಆದರೂ ಮೂಲದ ವಿಷಾದವನ್ನು ಚಿತ್ರ ಬಿಟ್ಟುಕೊಟ್ಟಿಲ್ಲ. ಗಾಯ ಮಾಯದ ಫ್ರೋಡೊ ಊರಿನಲ್ಲಿ ನೆಲೆಸಲಾರದೆ ಹಡಗನ್ನೇರುತ್ತಾನೆ. ಸ್ಯಾಮ್ ಮನೆಗೆ ಮರಳುತ್ತಾನೆ. ಕಿನ್ನರ ಕಥೆಗಳನ್ನು ಕುರಿತ ಪ್ರಬಂಧದಲ್ಲಿ ಟೋಲ್ಕಿನ್, ವಿನಾಶದ ಅಂಚಿನಲ್ಲಿ ಒದಗುವ ಅನಿರೀಕ್ಷಿತ ಆನಂದದ ತಿರುವನ್ನು ಆ ಕಥೆಗಳ ಮುಖ್ಯ ಲಕ್ಷಣವೆಂದು ಪ್ರತಿಪಾದಿಸಿದ್ದರು. 1916ರ ಸೋಮ್ ಕದನದಲ್ಲಿ ಪಾಲ್ಗೊಂಡಿದ್ದ ಅವರಿಗೆ ಆ ಆನಂದದ ಬೆಲೆಯೂ ತಿಳಿದಿತ್ತು. ನಾಡು ಉಳಿಯುತ್ತದೆ, ಉಳಿಸಿದವನಿಗೆ ಅದು ದಕ್ಕುವುದಿಲ್ಲ. ಈ ಸತ್ಯವನ್ನು ಮರೆಮಾಚದೆ ಹೇಳಿರುವುದರಿಂದಲೇ ಓದುಗರೂ ಪ್ರೇಕ್ಷಕರೂ ಈ ಕಥೆಯ ಆನಂದವನ್ನು ನಂಬುತ್ತಾರೆ.