ಗುಮ್ಮಘಟ್ಟದಲ್ಲಿ ಕ್ಯಾಮೆರಾ ಪೂರ್ವಕ್ಕೆ ತಿರುಗಲಿ

ನಕ್ಷತ್ರರೇಖೆಯ ಚಿತ್ರವೆಂದರೆ ಗೋಪುರದ ನೆತ್ತಿಯ ಮೇಲೆ ಸುತ್ತಿದ ಬಳೆಗಳು ಎಂಬ ನಂಬಿಕೆ ಎಲ್ಲಿಂದ ಬಂತೋ, ಬಿಟ್ಟು ಹೋಗುತ್ತಿಲ್ಲ. ಮೊಬೈಲುಗಳಲ್ಲಿ ಹರಿದಾಡುವ ಇಂಥ ಚಿತ್ರಗಳ ಕೆಳಗೆ ಹಂಪಿ ಎಂದೋ ಚಿತ್ರದುರ್ಗ ಎಂದೋ ಬರೆದಿರುತ್ತದೆ. ಬಳೆಗಳ ಕೇಂದ್ರ ಮಾತ್ರ ಅರ್ಧ ಆಕಾಶ ಏರಿ ಕೂತಿರುತ್ತದೆ. ಅಂಥ ಆಕಾಶ ಯುರೋಪಿನಲ್ಲಿದೆ, ನಮ್ಮ ಬಯಲುಸೀಮೆಯಲ್ಲಿಲ್ಲ. ಒಂದೋ ಒಂದೇ ಫೋಟೊವನ್ನು ಕಂಪ್ಯೂಟರಿನಲ್ಲಿ ಗಿರಗಿರ ತಿರುಗಿಸಿದ್ದು, ಇಲ್ಲವೇ ಬೇರೆ ದೇಶದ ಆಕಾಶವನ್ನು ತಂದು ಅಂಟಿಸಿದ್ದು. ಆದರೂ ಮೆಚ್ಚುಗೆ ಸಾವಿರಗಟ್ಟಲೆ ಬೀಳುತ್ತದೆ.

ಇದನ್ನು ಪತ್ತೆಹಚ್ಚಲು ಒಂದು ಲೆಕ್ಕ ಸಾಕು. ಒಂದು ಊರಿನ ಅಕ್ಷಾಂಶ ಎಷ್ಟೋ, ಅಲ್ಲಿ ಬಳೆಗಳ ಕೇಂದ್ರವಾದ ಧ್ರುವಬಿಂದು ದಿಗಂತದಿಂದ ಅಷ್ಟೇ ಡಿಗ್ರಿ ಎತ್ತರದಲ್ಲಿರುತ್ತದೆ. ರಾಯದುರ್ಗಕ್ಕಿಂತ ದಕ್ಷಿಣಕ್ಕಿರುವ ಗುಮ್ಮಘಟ್ಟದ ಅಕ್ಷಾಂಶ ಸುಮಾರು 14.5 ಡಿಗ್ರಿ. ತೋಳು ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ ಮುಚ್ಚುತ್ತದೆ. ಹಾಗಾಗಿ ಇಲ್ಲಿ ಧ್ರುವ ನಕ್ಷತ್ರ ನೆಲದಿಂದ ಒಂದೂವರೆ ಮುಷ್ಟಿ ಮೇಲೆ. ಬೀದರಿನಲ್ಲಿ 18 ಡಿಗ್ರಿ, ಲಡಾಖಿನ ಹಾನ್ಲೆಯಲ್ಲಿ 33. ಗುಮ್ಮಘಟ್ಟದಲ್ಲಿ ಧ್ರುವಬಿಂದುವಿನಿಂದ 14.5 ಡಿಗ್ರಿಯೊಳಗಿನ ನಕ್ಷತ್ರಗಳಷ್ಟೇ ಮುಳುಗದೆ ಸುತ್ತುತ್ತವೆ. ಸಪ್ತರ್ಷಿ ಮಂಡಲದ ಏಳಕ್ಕೆ ಏಳೂ ಮುಳುಗುತ್ತವೆ. ಸಾಲದ್ದಕ್ಕೆ ಉತ್ತರದ ಅಂಚಿನಲ್ಲಿ ರಾಯದುರ್ಗದ ದೀಪಗಳು, ಅದರಾಚೆ ಬಳ್ಳಾರಿಯ ಬೆಳಕಿನ ಮಬ್ಬು. ಧ್ರುವ ತಗ್ಗಿನಲ್ಲಿರುವುದರಿಂದ ಆ ಮಬ್ಬು ನೇರ ಅದರ ಬುಡಕ್ಕೇ ಬಂದು ಕೂರುತ್ತದೆ.

ಈ ಲೇಖಕನ ಕಣ್ಣು ತೆರೆಸಿದ್ದು ಖಗೋಳ ಛಾಯಾಗ್ರಾಹಕ ಡೇವಿಡ್ ಮಾಲಿನ್ ಚಿತ್ರಗಳು. ಆಸ್ಟ್ರೇಲಿಯಾದ ಸೈಡಿಂಗ್ ಸ್ಪ್ರಿಂಗ್ ವೀಕ್ಷಣಾಲಯದಲ್ಲಿ ಕ್ಯಾಮೆರಾದ ಬಾಗಿಲನ್ನು ಗಂಟೆಗಟ್ಟಲೆ ತೆರೆದಿಟ್ಟು ಫಿಲ್ಮಿನ ಮೇಲೆ ತೆಗೆದವು. ವೃತ್ತಗಳ ಕೇಂದ್ರ ನೋಡಿದರೆ ಖಾಲಿ! ದಕ್ಷಿಣ ಧ್ರುವದ ಹತ್ತಿರ ಹೇಳಿಕೊಳ್ಳುವಂಥ ನಕ್ಷತ್ರವೇ ಇಲ್ಲ. ಕೇಂದ್ರದ ಎತ್ತರವನ್ನು ಅಳೆದರೆ 31 ಡಿಗ್ರಿ, ಆ ಊರಿನ ಅಕ್ಷಾಂಶವೂ ಅದೇ. ಹೆಸರು ಬರೆಯದಿದ್ದರೂ ಚಿತ್ರ ತನ್ನ ಊರು ಹೇಳುತ್ತಿತ್ತು. ಹಾಗಾದರೆ ಗುಮ್ಮಘಟ್ಟದ ಆಕಾಶ ತನ್ನ ಊರನ್ನು ಯಾವ ದಿಕ್ಕಿನಲ್ಲಿ ಹೇಳುತ್ತದೆ?

ಪೂರ್ವದಲ್ಲಿ. ಹೊಸಬರು ಮೊದಲು ಕಲಿಯಬೇಕಾದ್ದು ಇದನ್ನೇ. ಲಂಡನ್ನಿನಲ್ಲಿ ನಕ್ಷತ್ರಗಳು ದಿಗಂತಕ್ಕೆ 38 ಡಿಗ್ರಿ ಓರೆಯಾಗಿ ಜಾರುತ್ತಾ ಏಳುತ್ತವೆ. ಇಲ್ಲಿ 75 ಡಿಗ್ರಿ, ಹೆಚ್ಚುಕಡಿಮೆ ನೆಟ್ಟಗೆ. ಶೇಂಗಾ ಕಿತ್ತು ಖಾಲಿಯಾದ ಹೊಲದಲ್ಲಿ ಡಿಸೆಂಬರ್ ನಡುವಿನ ಸಂಜೆ ಏಳರ ಹೊತ್ತಿಗೆ ಪೂರ್ವಕ್ಕೆ ಮುಖ ಮಾಡಿದರೆ ಮಹಾವ್ಯಾಧ ಅಡ್ಡ ಮಲಗಿದ ಭಂಗಿಯಲ್ಲಿ ಮೇಲೇಳುತ್ತಾನೆ: ಎಡಕ್ಕೆ ಕೆಂಪು ಆರ್ದ್ರಾ, ಬಲಕ್ಕೆ ನೀಲಿಬಿಳುಪಿನ ರೈಜೆಲ್, ನಡುವೆ ಒಂದರ ಕೆಳಗೊಂದು ನಿಂತ ಸೊಂಟಪಟ್ಟಿಯ ಮೂರು ಚುಕ್ಕಿ. ರೋಹಿಣಿ ಆಗಲೇ ಮೇಲೆ ಎಡಗಡೆ ಬಂದಿರುತ್ತದೆ. ಬಿತ್ತನೆಗೆ ಮಳೆ ಲೆಕ್ಕ ಹಾಕುವಾಗ ಇಲ್ಲಿನ ರೈತರ ಬಾಯಲ್ಲಿ ಬರುವ ರೋಹಿಣಿ, ಮೃಗಶಿರಾ, ಆರಿದ್ರಾ ಇವೇ. ಅವುಗಳ ಮಳೆಯ ಕಾಲದಲ್ಲಿ ಸೂರ್ಯ ಅಲ್ಲೇ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಚಳಿಗಾಲದಲ್ಲಿ ಬೀಳುತ್ತವೆ.

ಎರಡು ಗಂಟೆ ಬಿಡದೆ ತೆಗೆದು ಜೋಡಿಸಿದ ಚಿತ್ರವನ್ನು ಹತ್ತಿರದಿಂದ ನೋಡಬೇಕು. ಸೊಂಟಪಟ್ಟಿಯ ಮೂರು ಚುಕ್ಕಿಗಳು ಖಗೋಳದ ಸಮಭಾಜಕಕ್ಕೆ ಅಂಟಿಕೊಂಡಿವೆ, ಮೊದಲನೆಯದು ಅರ್ಧ ಡಿಗ್ರಿಯೂ ದೂರವಿಲ್ಲ. ಆದ್ದರಿಂದ ಅವು ಎಳೆಯುವ ಮೂರು ಗೆರೆಗಳೂ ಸ್ವಲ್ಪ ಬಲಕ್ಕೆ ವಾಲಿ, ಒತ್ತೊತ್ತಾಗಿ, ನೇರವಾಗಿ ಏರುತ್ತವೆ. ಆರ್ದ್ರಾದ ಗೆರೆ ತುಸು ಎಡಕ್ಕೆ, ಉತ್ತರ ಧ್ರುವದ ಕಡೆಗೆ ಬಾಗುತ್ತದೆ, ರೈಜೆಲಿನದು ಬಲಕ್ಕೆ. ಎರಡು ಧ್ರುವಗಳ ಸೆಳೆತ ಒಂದೇ ಚೌಕಟ್ಟಿನಲ್ಲಿ ಕಾಣುವಾಗ ಬಳೆಗಳ ಹಂಗೇಕೆ ಬೇಕು?

ಟ್ರೈಪಾಡು, ಬ್ಯಾಟರಿ, ಅಮಾವಾಸ್ಯೆ ಇವನ್ನೆಲ್ಲ ಹೇಳಿಕೊಡಬೇಕಾಗಿಲ್ಲ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆಯ ಸೀಮೆ ಇದು. ಹಿಂಗಾರು ಹೋದ ಮೇಲೆ ಫೆಬ್ರವರಿ ತನಕ ಆಕಾಶ ತಿಳಿಯಾಗಿರುತ್ತದೆ. 30 ಸೆಕೆಂಡು, ಎಫ್ 4, ಐಎಸ್‌ಒ 800, ರಾ ಫೈಲು, ಒಂದರ ಹಿಂದೊಂದು. ಬೆಳಕು ಇದಕ್ಕಿಂತ ಹೆಚ್ಚು ಹಿಡಿದರೆ ರೋಹಿಣಿಯ ಕಿತ್ತಳೆ ಬಣ್ಣ ಬಿಳಿಚಿಕೊಳ್ಳುತ್ತದೆ. ಕ್ಯಾಮೆರಾದೊಳಗಿನ ದೀರ್ಘ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆಫ್ ಮಾಡಲೇಬೇಕು. ಇಲ್ಲದಿದ್ದರೆ ಪ್ರತಿ ಫೋಟೊ ಆದ ಮೇಲೂ ಅದು ಇನ್ನೊಂದು 30 ಸೆಕೆಂಡು ನುಂಗಿ, ಗೆರೆ ತುಂಡುತುಂಡಾಗುತ್ತದೆ. ಎರಡು ಫೋಟೊಗಳ ನಡುವೆ ಒಂದು ಸೆಕೆಂಡಿನ ಅಂತರ ಕಣ್ಣಿಗೆ ಕಾಣದು. ಬಾಹ್ಯಾಕಾಶ ನಿಲ್ದಾಣದಿಂದ 2012ರಲ್ಲಿ ಗಗನಯಾತ್ರಿ ಡಾನ್ ಪೆಟಿಟ್ ತೆಗೆದ ನಕ್ಷತ್ರರೇಖೆಗಳೂ ಹೀಗೆ ಪೇರಿಸಿದ 30 ಸೆಕೆಂಡಿನ ಫೋಟೊಗಳೇ.

ಎಡಿಟಿಂಗ್ ಎಂದರೆ ಆಕಾಶಕ್ಕೆ ನೇರಳೆ ಬಣ್ಣ ಬಳಿಯುವುದಲ್ಲ. ಎಲ್ಲ ಫೋಟೊಗಳಿಗೂ ಒಂದೇ ವೈಟ್ ಬ್ಯಾಲೆನ್ಸ್ ಕೊಟ್ಟು, ಉಚಿತವಾಗಿ ಸಿಗುವ ಸ್ಟಾರ್‌ಸ್ಟ್ಯಾಕ್ಸ್‌ಗೆ ಹಾಕಿ, ಲೈಟನ್ ವಿಧಾನದಲ್ಲಿ ಜೋಡಿಸಬೇಕು. ಅದು ಪ್ರತಿ ಬಿಂದುವಿನಲ್ಲಿ ಅತಿ ಪ್ರಕಾಶದ್ದನ್ನಷ್ಟೇ ಉಳಿಸಿಕೊಳ್ಳುತ್ತದೆ. ಗೆರೆ ಬೆಳೆಯುತ್ತದೆ, ಆಕಾಶ ಬೆಳ್ಳಗಾಗುವುದಿಲ್ಲ. ಆದರೆ ಸೆನ್ಸರಿನ ಕೆಂಪು, ಹಸಿರು ಚುಕ್ಕಿಗಳೂ ಹಾಗೇ ಉಳಿಯುತ್ತವೆ. ಕೊನೆಯಲ್ಲಿ ಲೆನ್ಸಿನ ಮುಚ್ಚಳ ಹಾಕಿ ಅದೇ ಸೆಟ್ಟಿಂಗಿನಲ್ಲಿ ಕೆಲವು ಡಾರ್ಕ್ ಫ್ರೇಮ್ ತೆಗೆದುಕೊಂಡರೆ ಅವನ್ನು ಕಳೆಯಬಹುದು. ಹೊಲ, ಬಂಡೆಗಳ ಭಾಗಕ್ಕೆ ಲೈಟನ್ ಬೇಡ, ಸರಾಸರಿ ತೆಗೆಯಬೇಕು, ಕಾಳುಕಾಳು ಇಳಿಯುತ್ತದೆ. ವಿಮಾನದ ಗೆರೆಯನ್ನು ಜೋಡಿಸುವ ಮೊದಲೇ, ಅದು ಬಿದ್ದ ಫೋಟೊದಲ್ಲೇ ಕಪ್ಪು ಬಳಿದು ಮುಚ್ಚಬೇಕು.

ಪೂರ್ವ ಕೈಗೆ ಹತ್ತಿದವರು ಫೆಬ್ರವರಿ ನಡುವಿನಲ್ಲಿ ದಕ್ಷಿಣಕ್ಕೆ ತಿರುಗಬಹುದು. ರಾತ್ರಿ ಒಂಬತ್ತರ ಸುಮಾರಿಗೆ ಅಗಸ್ತ್ಯ ತನ್ನ ಅತಿ ಎತ್ತರಕ್ಕೆ, ಅಂದರೆ 23 ಡಿಗ್ರಿಗೆ ಬಂದಿರುತ್ತದೆ. ಅದಕ್ಕೂ ಎರಡು ಗಂಟೆ ಮೊದಲೇ ಶುರುಮಾಡಿದರೆ ದಿಗಂತದ ಮೇಲೆ ಕಮಾನು ಸಿಗುತ್ತದೆ. ಹಗರಿ ನದಿಗೆ ನೀರು ಬಂದ ವರ್ಷವಾದರೆ ಭೈರವಾನಿತಿಪ್ಪ ಜಲಾಶಯವನ್ನು ಮುಂದಿಟ್ಟುಕೊಂಡು, ಗಾಳಿ ನಿಂತ ರಾತ್ರಿ ಹುಡುಕಿ ಹೋಗಬೇಕು. ಫೋಟೊದ ಕೆಳಗೆ ಊರು, ದಿಕ್ಕು, ಶುರುವಾದ ಹೊತ್ತು, ಒಟ್ಟು ಅವಧಿ ನಾಲ್ಕನ್ನೂ ಬರೆಯಲಿ. ನೋಡುವವರು ಮುಷ್ಟಿ ಹಿಡಿದು ಅಳೆದುಕೊಳ್ಳುತ್ತಾರೆ.